ಎಡಗಡೆಯ ಹಿಂಬಾಗಿಲು

ಬಾಗಿಲು ಹಾಕಿ ಕೇಳಕ್ಕಾ, ಅಂದ ಮುರ್ತಾಜ್.
ಹಾಕಿದೆ.
ಧಪ್ಪೆಂದಿತು,
ಹಿಟ್ಟಿನ ಮೂಟೆ ನೆಲಕ್ಕಿಳಿಸಿದ ಹಾಗೆ,
ಹಿಂದೊಂದು ಗುಂಯ್ ಇಲ್ಲ, ಮುಂದೊಂದು ಕಿರ್ ಇಲ್ಲ.
ಹತ್ತೊಂಬತ್ತು ವರ್ಷದ ಜರ್ಮನ್ ಗಾಡಿ,
ನಿನ್ನೆ ಹುಟ್ಟಿದ ಹಾಗಿದೆ, ಒಂದು ಗೀರಿಲ್ಲ,
ತಾಯಾಣೆ, ಅಂದ.
ತಾಯಿ ಅಲ್ಲೇ ತಗಡಿನ ಗೂಡಂಗಡಿಯಲ್ಲಿ
ಕಾಫಿ ಕುದಿಸುತ್ತಿದ್ದಳು. ತಲೆಯೆತ್ತಲಿಲ್ಲ.

ರುಸ್ತಾವಿಯ ಬಯಲು. ಕಣ್ಣು ಹರಿದಷ್ಟೂ ಕಾರು.
ಒಂದೊಂದರ ಗಾಜಿನ ಮೇಲೂ ಸುಣ್ಣದಲ್ಲಿ ಬರೆದ ಬೆಲೆ,
ಮಂಜು ಬಿದ್ದು ಸೊನ್ನೆಗಳು ಕೆಳಗಿಳಿಯುತ್ತಿದ್ದವು.

ನಾನು ಕುತಾಯಿಸಿಯ ನಾಟಕಶಾಲೆಯಲ್ಲಿ
ಮೂವತ್ತೊಂದು ವರ್ಷ ರಾಜರಿಗೆ ಅಂಗಿ ಹೊಲಿದವಳು.
ಹತ್ತನೇ ಸಾಲಿನಿಂದ ಗೋಣಿಯೂ ಮಖಮಲ್ಲೇ.
ಹೊರಮೈ ಹೊಗಳಲು ಕಣ್ಣು ಸಾಕು,
ಒಳಮೈ ಓದಲು ಉಗುರು ಬೇಕು.

ಓಡಿಸಿದೆ ಉಗುರು.
ಬಾನೆಟ್ಟಿನ ಎರಡೂ ಮಗ್ಗುಲ ಸಂದು ಸರಿಸಮ,
ನೂಲು ಹಿಡಿದು ಗೆರೆ ಎಳೆದಂತೆ.
ಡಿಕ್ಕಿಯ ಜಮಖಾನೆ ಎತ್ತಿದೆ, ಸ್ಟೆಪ್ನಿ ಎತ್ತಿಸಿದೆ:
ಯಾರೂ ನೋಡದ ಆ ಗುಂಡಿಗೂ
ಎರಡು ಕೋಟು ಬಣ್ಣ!
ಹಾಗೆ ಬಳಿದವರ ಕೈಯನ್ನು ನಾನು ನಂಬುತ್ತೇನೆ.

ನಂಬಿದರೂ ನೋಡುವುದು ಬಿಡುವುದಿಲ್ಲ.
ಸ್ವಿಚ್ಚುಗಳ ಮೆತ್ತನೆ ಲೇಪ
ತಿಂದು ಕೈತೊಳೆಯದ ಮಗುವಿನ ಬೆರಳಿನಂತೆ ಅಂಟಂಟು.
ಡ್ರೈವರ್ ಸೀಟಿನ ಅಂಚು ಒಡೆದು ಒಳಗಿನ ಸ್ಪಂಜು
ರಸ್ಕಿನ ಪುಡಿ.
ಮೂತಿಯ ಮೇಲಿನ ನಕ್ಷತ್ರ ಯಾರೋ ಕಿತ್ತಿದ್ದಾರೆ,
ಆ ತೂತಿಗೆ ಬಾಟಲಿಯ ಬಿರಡೆ.
ಇಪ್ಪತ್ತು ಲಾರಿ ಕೊಡು, ಹೊಸ ನಕ್ಷತ್ರ ಹಾಕಿಸುತ್ತೇನೆ, ಅಂದ.
ಬಿರಡೆ ಚೆನ್ನಾಗಿ ಕೂತಿದೆ, ಬೇಡ, ಅಂದೆ.

ಎಡಗಡೆಯ ಹಿಂಬಾಗಿಲಿಗೆ ಬಂದಾಗ
ಉಗುರು ನಿಂತಿತು.
ರಬ್ಬರ್ ಸರಿಸಿದೆ. ಉಳಿದ ಮೂರರದು ಮಿಷನ್ ಹೊಲಿಗೆ,
ಇದು ಕೈಹೊಲಿಗೆ.
ಸಂದಿಗೆ ಮೆತ್ತಿದ ಅಂಟಿನಲ್ಲಿ, ಬಣ್ಣದ ಕೆಳಗೆ,
ಯಾರದೋ ಹೆಬ್ಬೆರಳ ಗುರುತು.
ನನ್ನದನ್ನು ಇಟ್ಟು ನೋಡಿದೆ. ನನ್ನದಕ್ಕಿಂತ ಅಗಲ.

ಈ ಬಾಗಿಲು ಈ ಕಾರಿನದಲ್ಲ, ಅಂದೆ.
ಮುರ್ತಾಜ್ ಸಿಗರೇಟು ಹಚ್ಚಿದ.
ಹೇಳಿ ಸಾಯೋ, ನನ್ನ ಆಣೆ ಯಾಕೆ ಹಾಕ್ತೀಯ,
ಎಂದಿತು ಗೂಡಂಗಡಿ.
ಕೌನಸಿನಲ್ಲಿ ಒಂದು ಟ್ರಾಲಿಬಸ್ಸು, ಸ್ವಲ್ಪವೇ, ಹೀಗೆ, ತಾಗಿತ್ತಂತೆ.
ಸ್ವಲ್ಪವೇ ಅನ್ನುವಾಗ ಎರಡೂ ತೋಳು ಅಗಲಿಸಿದ.
ನಾನೂರು ಡಾಲರ್ ಇಳಿಯಿತು.

ನಾನು ಹೇಳದೆ ಉಳಿಸಿಕೊಂಡದ್ದು ಇಷ್ಟು:
ನಾಲ್ಕನ್ನೂ ಹಾಕಿ ನೋಡಿದ್ದೆ.
ಮೂರು ಚೂರು ಸಡಿಲ, ಕೊನೆಯಲ್ಲೊಂದು ತಗಡಿನ ತೊದಲು.
ಮೊದಲಿಗೆ ಅವನು ಹಾಕಿಸಿದ, ಆ ಮೂಟೆಯ ಸದ್ದಿನ ಬಾಗಿಲು
ಇದೇ.

ರಿಕೋತಿ ಕಣಿವೆ ದಾಟುವಾಗ ಡ್ಯಾಶ್‌ಬೋರ್ಡಿನೊಳಗೆ
ಟಿಕ್.
ಎಪ್ಪತ್ತರಲ್ಲಿ ಮಾತ್ರ. ಅರವತ್ತೊಂಬತ್ತರಲ್ಲಿ ಸಂಭಾವಿತ.
ಪಕ್ಕದ ಮನೆಯ ಲೋಮ್‌ಗುಲಿ ಎರಡು ದಿನ ಬಿಚ್ಚಿದ,
ಬಿಚ್ಚಿದ್ದಕ್ಕೊಂದು ಕೂಲಿ, ಮುಚ್ಚಿದ್ದಕ್ಕೊಂದು ಕೂಲಿ;
ಈಗ ಟಿಕ್ ಎರಡು.

ನವೆಂಬರಿನಲ್ಲಿ ಆ ಹಿಂಬಾಗಿಲ ಗಾಜು ಇಳಿದದ್ದು
ಮೇಲೇರಲಿಲ್ಲ. ಮೋಟಾರು ಸುಟ್ಟಿದೆ,
ಕಾರ್ಖಾನೆಯ ಅಸಲಿ ಮೋಟಾರು, ಅಂದ ಲೋಮ್‌ಗುಲಿ,
ಸ್ವಂತ ಮನೆಯಲ್ಲೇ ಯಾರೋ ತೀರಿಕೊಂಡ ದನಿಯಲ್ಲಿ.
ಬಿಡಿಭಾಗ ಬರಲು ಮೂರು ವಾರ.
ಅಲ್ಲಿಯವರೆಗೆ ನಾಟಕದ ಪರದೆಯ ಹಳೇ ತುಂಡೊಂದನ್ನು
ಅಳತೆ ಹಿಡಿದು, ಅಂಚು ಮಡಿಚಿ, ಚೌಕಟ್ಟಿಗೆ ಬಿಗಿದೆ.
ಗಾಳಿ ಬಂದರೆ ಉಬ್ಬುತ್ತದೆ. ನೀರು ಇಳಿಯುವುದಿಲ್ಲ.

ಸಂತೆಯ ಮುಂದೆ ನಿಲ್ಲಿಸಿ ಇಳಿದಾಗ ಯಾರೋ ಹುಡುಗ
ಆ ಕೆಂಪು ನೋಡಿ ನಕ್ಕ.
ಒಳಗೇನಿದೆ, ಅಜ್ಜಿ, ರಾಜನಾ?
ಆಲೂಗಡ್ಡೆ, ಅಂದೆ,
ಬಾಗಿಲು ಹಾಕಿದೆ.
ಗಾಜಿಲ್ಲದೆಯೂ
ಧಪ್.